ದುರ್ಗಂಧವುಳ್ಳ ಪರದೇಶದ ತೋಟದ ಗಿಡಗಳು: ನಾಗರಬಾವಿಯ ಸುತ್ತಣ ನೆಲದಿಂದ ಕಲಿಯತಕ್ಕ ವಿಷಯ

ಅನ್ಯಗ್ರಹಗಳಿಂದ ಸಸ್ಯರೂಪದ ಜೀವಿಗಳು ಬಂದಿಳಿದು ಭೂಮಿಯನ್ನು ಆಕ್ರಮಿಸುವುವೆಂಬ ಕಲ್ಪನೆಯು ಆಂಗ್ಲ ಕಾದಂಬರಿಗಳಲ್ಲಿ ಆಗಾಗ್ಗೆ ಕಂಡುಬರುವುದು. ೧೮೯೮ರಲ್ಲಿ ಎಚ್. ಜಿ. ವೆಲ್ಸ್ ಎಂಬ ಗ್ರಂಥಕರ್ತರು ಪ್ರಕಟಿಸಿದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಎಂಬ ಕಥೆಯಲ್ಲಿ, ಮಂಗಳಗ್ರಹದಿಂದ ಬಂದ ಕೆಂಪು ಕಳೆಯೊಂದು ನೀರಿದ್ದಲ್ಲೆಲ್ಲಾ ಹಬ್ಬಿ, ಕೊನೆಗೆ ಈ ಲೋಕದ ಸೂಕ್ಷ್ಮಾಣುಗಳಿಂದ ರೋಗ ತಗುಲಿ ಕೊಳೆತು ನಾಶವಾಯಿತೆಂದು ವರ್ಣಿತವಾಗಿದೆ. ಕಥೆಯ ಮಾತು ಹಾಗಿರಲಿ. ಈ ದೇಶದ ನೆಲವನ್ನು ನಿಜವಾಗಿ ಆಕ್ರಮಿಸಿದ ಅನ್ಯಸಸ್ಯಗಳು ಆಕಾಶದಿಂದ ಬೀಳಲಿಲ್ಲ. ಅವುಗಳಲ್ಲಿ ಕೆಲವನ್ನು ಹೂವಿನ ಅಂದಕ್ಕೆ ಮರುಳಾಗಿ ಮನುಷ್ಯನೇ ಹಡಗಿನಲ್ಲಿ ತರಿಸಿ, ಕುಂಡದಲ್ಲಿ ನೆಟ್ಟು, ನೀರೆರೆದು ಬೆಳೆಸಿದನು; ಕೆಲವು ಅವನಿಗೆ ತಿಳಿಯದೆ ಧಾನ್ಯದೊಡನೆಯೂ ಸರಕಿನೊಡನೆಯೂ ಬಂದುವು. ಕಥೆಯಲ್ಲಿನ ಕಳೆಗೆ ಇಲ್ಲಿ ಶತ್ರುಗಳು ದೊರೆತುವು. ನಿಜವಾದ ಕಳೆಗಳಾದರೋ ತಮ್ಮ ಶತ್ರುಗಳಾದ ಹುಳುಹುಪ್ಪಟೆಗಳನ್ನೂ ಬೂಷ್ಟುರೋಗಗಳನ್ನೂ ಹುಟ್ಟಿದ ದೇಶದಲ್ಲಿಯೇ ಬಿಟ್ಟು ಬಂದುವು. ಸಮಸ್ತ ಕಷ್ಟಕ್ಕೂ ಮೂಲವು ಇದೇ.

ಬೆಂಗಳೂರಿನ ಪಶ್ಚಿಮಕ್ಕಿರುವ ನಾಗರಬಾವಿಯು ಇದಕ್ಕೆ ಒಳ್ಳೆಯ ನಿದರ್ಶನ. ಹಿಂದೆ ಬೇರೆ ಗ್ರಾಮವಾಗಿದ್ದ ಈ ಊರು ಈಗ ನಗರದೊಳಗೆ ಸೇರಿಹೋಗಿದೆ. ಇಲ್ಲಿಯ ತೊರೆಯು ಹರಿದು ವೃಷಭಾವತಿಯನ್ನು ಸೇರುವುದು. ಪಕ್ಕದಲ್ಲಿಯೇ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿಯ ಸಾವಿರ ಎಕರೆಗೂ ಮಿಕ್ಕಿದ ಆವರಣವಿದೆ. ಮನೆ ಕಟ್ಟದೆ ಬಿಟ್ಟ ನಿವೇಶನ, ತೊರೆಯ ದಂಡೆ, ರಸ್ತೆಯ ಬದಿ ಇವುಗಳಲ್ಲಿ ಮಳೆ ಬಿದ್ದ ಒಂದು ತಿಂಗಳಲ್ಲಿ ಮೊಳಕಾಲು ಮುಚ್ಚುವಂತೆ ಏಳುವ ಹಸುರಿನಲ್ಲಿ ಪಾರ್ಥೇನಿಯಮ್ ಒಂದು ಕಡೆ, ಲಂಟಾನವು ಇನ್ನೊಂದು ಕಡೆ, ಇವೆರಡೇ ಬಹುಭಾಗವನ್ನು ವ್ಯಾಪಿಸಿರುವುವು. ಎರಡೂ ಅಮೆರಿಕಾ ಖಂಡದ ಉಷ್ಣಪ್ರದೇಶದವು. ಎರಡನ್ನೂ ಕೈಯಲ್ಲಿ ಉಜ್ಜಿದರೆ ಅಹಿತವಾದ ವಾಸನೆ ಬರುವುದು. ಎರಡನ್ನೂ ದನವು ಮೂಸಿ ಬಿಟ್ಟುಬಿಡುವುದು. ಹಳ್ಳಿಯ ಗೋಮಾಳ ನಗರದ ನಿವೇಶನವಾದ ಮೇಲೆ ಇದರ ನಷ್ಟವು ಯಾರಿಗೂ ಕಾಣುವುದಿಲ್ಲ. ಆದರೆ ಗೋಮಾಳವು ಇನ್ನೂ ಗೋಮಾಳವಾಗಿಯೇ ಉಳಿದಿರುವ ಊರುಗಳಲ್ಲಿ ಇದೇ ಗಿಡಗಳು ಮೇವಿನ ಹುಲ್ಲನ್ನು ವರ್ಷವರ್ಷಕ್ಕೂ ನುಂಗುತ್ತ ಬರುವುವು.

ವಾಸನೆಯ ಪ್ರಯೋಜನವು ಯಾರಿಗೆ?

ಗಿಡವು ಮನುಷ್ಯನ ಮೂಗನ್ನು ನೋಯಿಸಲೆಂದು ವಾಸನೆಯನ್ನು ಹುಟ್ಟಿಸುವುದಿಲ್ಲ. ಎಲೆಯ ದುರ್ವಾಸನೆ ಒಂದು ಬಗೆ, ಹೂವಿನ ದುರ್ವಾಸನೆ ಇನ್ನೊಂದು ಬಗೆ. ಇವೆರಡನ್ನೂ ಒಂದೆಂದು ಎಣಿಸಿದರೆ ಮೋಸಹೋಗುವ ಸಂಭವವುಂಟು.

ಹೂವಿನ ದುರ್ವಾಸನೆಗೆ ಎಲ್ಲರೂ ಬಲ್ಲ ಉದಾಹರಣೆಯೆಂದರೆ ಸುವರ್ಣಗೆಡ್ಡೆ. ಕೀಳದೆ ಬಿಟ್ಟ ಗೆಡ್ಡೆಯು ಬೇಸಗೆಯ ಕೊನೆಯಲ್ಲಿ ನೆಲದಿಂದ ದೊಡ್ಡ ಹೂಗೊಂಚಲನ್ನು ಎಬ್ಬಿಸಿದಾಗ ಹಿತ್ತಲಲ್ಲಿ ಇಲಿಯೋ ಹೆಗ್ಗಣವೋ ಸತ್ತಿದೆಯೆಂದು ಮನೆಯವರು ಹುಡುಕುವುದುಂಟು. ಆ ಹೂಗೊಂಚಲು ತನ್ನೊಳಗೆ ಶಾಖವನ್ನೂ ಹುಟ್ಟಿಸಿಕೊಂಡು, ಕೊಳೆತ ಮಾಂಸದ ನಾತವನ್ನು ಬೀರಿ, ಹೆಣವನ್ನು ಮುತ್ತುವ ಜೀರುಂಡೆ ಮತ್ತು ನೊಣಗಳನ್ನು ಕರೆಯುವುದು. ಮೋಸಹೋದ ಕೀಟಗಳು ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಒಯ್ಯುವುವು. ಕೆಲವು ದಿನಗಳಲ್ಲಿ ನಾತವು ಅಡಗುವುದು. ಗೆಡ್ಡೆಯು ಇದ್ದಲ್ಲಿಯೇ ಇರುವುದು. ದಕ್ಷಿಣ ಆಫ್ರಿಕಾದಿಂದ ಬಂದು ನಗರದ ಕುಂಡಗಳಲ್ಲಿ ಬೆಳೆಯುತ್ತಿರುವ ಸ್ಟಪೇಲಿಯ ಎಂಬ ಕಳ್ಳಿಯಂಥ ಸಸ್ಯವೂ ಇದೇ ಉಪಾಯವನ್ನು ಮಾಡುವುದು. ನಕ್ಷತ್ರಾಕಾರದ ಅದರ ದೊಡ್ಡ ಹೂವಿನ ಮೇಲೆ ಮಾಂಸದ ನೊಣಗಳು ಮೊಟ್ಟೆಯನ್ನು ಕೂಡ ಇಡುವುವು. ಇವು ಕೆಲವು ದಿನದ ಕಿರುಕುಳವೇ ಹೊರತು ಹೊಲಕ್ಕೆ ಶತ್ರುಗಳಲ್ಲ.

ಎಲೆಯ ದುರ್ವಾಸನೆಯ ಉದ್ದೇಶವು ಇದಕ್ಕೆ ವಿರೋಧವಾದುದು. ಅದು ಕರೆಯುವುದಲ್ಲ, ಓಡಿಸುವುದು. ಲಂಟಾನದ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಅದರ ಮೇಲೆ ಒರಟಾದ ಸಣ್ಣ ರೋಮಗಳು ಕಾಣುವುವು. ಅವುಗಳ ನಡುವೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳಿದ್ದು, ಬೇಗ ಆವಿಯಾಗುವ ಎಣ್ಣೆಯು ಅವುಗಳಲ್ಲಿ ತುಂಬಿರುವುದು. ಎಲೆಯು ಮುರಿದೊಡನೆ ಆ ಎಣ್ಣೆಯು ಹೊರಬಿದ್ದು, ಕೆಲವರು ಬೆಕ್ಕಿನ ಮೂತ್ರಕ್ಕೆ ಹೋಲಿಸುವ ಕಟುವಾದ ನಾತವನ್ನು ಕೊಡುವುದು. ಬಾಯಿಟ್ಟ ದನವು ಮುಖವನ್ನು ತಿರುಗಿಸಿ ಪಕ್ಕದ ಹುಲ್ಲಿಗೆ ಹೋಗುವುದು. ಪಕ್ಕದ ಹುಲ್ಲು ಸವೆಯುವುದು, ಲಂಟಾನವು ಉಳಿಯುವುದು. ಮಾರನೆಯ ವರ್ಷ ಆ ಹುಲ್ಲಿನ ಜಾಗವೂ ಅದರದೇ ಆಗುವುದು. ಹೀಗೆ ಗಿಡವನ್ನು ಬೆಳೆಸಿ ಕಾಯುವ ಕೆಲಸವನ್ನು ಊರಿನ ದನಗಳೇ ಅರಿಯದೆ ಮಾಡಿಕೊಡುವುವು.

ಆದುದರಿಂದ ಪರದೇಶದ ಒಂದು ಗಿಡವನ್ನು ತೋಟಕ್ಕೆ ತರುವ ಮುಂಚೆ ಎಲೆಯನ್ನು ಉಜ್ಜಿ ಮೂಸುವುದು ಹುಡುಗಾಟವಲ್ಲ. ಎಲೆಯು ನಾರುವುದಾದರೆ ದನ ಕುರಿಗಳು ಅದನ್ನು ಹತೋಟಿಯಲ್ಲಿಡಲಾರವೆಂದು ತಿಳಿಯಬಹುದು. ಆ ಮೇಲೆ ಕೇಳತಕ್ಕ ಪ್ರಶ್ನೆಯೊಂದೇ: ಅದರ ಬೀಜವು ಬೇಲಿಯನ್ನು ದಾಟಬಲ್ಲುದೆ? ಹಕ್ಕಿಯ ಹೊಟ್ಟೆಯಲ್ಲಿ, ಗಾಳಿಯಲ್ಲಿ, ನೀರಿನಲ್ಲಿ, ಗಾಡಿಯ ಚಕ್ರಕ್ಕೆ ಅಂಟಿದ ಕೆಸರಿನಲ್ಲಿ, ಹೇಗಾದರೂ ದಾಟುವುದಾದರೆ, ನಾರುವ ಎಲೆಯೂ ನಡೆಯುವ ಬೀಜವೂ ಒಂದೇ ಗಿಡದಲ್ಲಿ ಕೂಡಿದುವೆಂದು ತಿಳಿದು ಅದನ್ನು ಹೊರಗಿಡತಕ್ಕದ್ದು.

ಲಂಟಾನ

ಈ ಎರಡು ಗುಣಗಳೂ ಪೂರ್ಣವಾಗಿ ಕೂಡಿದ ಗಿಡವು ಲಂಟಾನ. ಕೆಲವು ಕಡೆ ಇದನ್ನು ಚದುರಂಗಿಯೆಂದೂ ಕರೆಯುವರು. ಇದು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದಿತು. ಹಳದಿ ಹೂವು ಬಣ್ಣ ತಿರುಗಿ ಕೇಸರಿಯಾಗಿ, ಕೆಂಪಾಗಿ, ಒಂದೇ ಗೊಂಚಲಲ್ಲಿ ಹಲವು ಬಣ್ಣಗಳು ಕಾಣುವುದರಿಂದ ದೊರೆಗಳ ಬಂಗಲೆಗಳಲ್ಲಿ ಇದಕ್ಕೆ ಬಹು ಆದರ ದೊರೆಯಿತು. ದನವು ತಿನ್ನದ ಕಾರಣ ಬೇಲಿಗೆ ಉತ್ತಮವೆಂದು ಹೊಗಳಿ ಹಳ್ಳಿಗಳಲ್ಲಿಯೂ ನೆಟ್ಟರು. ಬೇಲಿಗೆ ಒಳ್ಳೆಯದೆನಿಸಿದ ಗುಣವೇ ಕಾಡಿಗೆ ಕೇಡಾಯಿತು. ಕಪ್ಪಾಗಿ ಮಾಗಿದ ಅದರ ಸಣ್ಣ ಹಣ್ಣುಗಳನ್ನು ಪಿಕಳಾರವೂ ಗೊರವಂಕವೂ ತಿಂದು, ಕುಳಿತ ಮರದ ಕೆಳಗೆಲ್ಲಾ ಬೀಜವನ್ನು ಹಾಕುವುವು. ಕೊಡಗಿನ ಕಾಡುಗಳಲ್ಲಿ ಇದರ ಹಾವಳಿಯು ೧೯೧೬ರ ಹೊತ್ತಿಗೇ ಅರಣ್ಯಾಧಿಕಾರಿಗಳ ಲೇಖನಕ್ಕೆ ವಿಷಯವಾಗಿದ್ದಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ೧೯೯೭ರಲ್ಲಿ ಅಳತೆಮಾಡಿದ ತುಂಡುನೆಲಗಳ ಪೈಕಿ ನೂರಕ್ಕೆ ೪೧ರಲ್ಲಿ ಲಂಟಾನವಿದ್ದು, ೨೦೦೮ರಲ್ಲಿ ಅವೇ ತುಂಡುಗಳನ್ನು ಪುನಃ ನೋಡಿದಾಗ ನೂರಕ್ಕೆ ೮೧ರಲ್ಲಿ ಕಂಡುಬಂದಿತು. ಹನ್ನೊಂದು ವರ್ಷಗಳಲ್ಲಿ ಸುಮಾರು ಎರಡರಷ್ಟಾಯಿತೆಂದು ಅರ್ಥ. ಆ ಬೆಟ್ಟದ ಸೋಲಿಗರು, ಹಿಂದೆ ಬೇಸಗೆಯ ಮೊದಲಲ್ಲಿ ಹಾಕುತ್ತಿದ್ದ ತರಗು ಬೆಂಕಿಯು ನಿಂತುಹೋದುದರಿಂದಲೇ ಈ ಗಿಡವು ಹೆಚ್ಚಿತೆಂದು ಹೇಳುವರು. ಕಾಡಿನಲ್ಲಿಯೇ ಹುಟ್ಟಿ ಬೆಳೆದವರ ಮಾತಾದುದರಿಂದ ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಗಿಡವು ಬಲಿತು ಹಬ್ಬಿದ ಮೇಲೆ ಬೆಂಕಿಯಿಟ್ಟರೆ ಅದು ಬುಡದಿಂದ ಪುನಃ ಚಿಗುರುವುದೆಂಬುದನ್ನೂ ನೆನಪಿಡಬೇಕು.

ದನವು ಲಂಟಾನವನ್ನು ಮುಟ್ಟುವುದೇ ಇಲ್ಲವೆಂದು ನಂಬಿ ಸುಮ್ಮನಿರಬಾರದು. ಆ ನೆಲದಲ್ಲಿಯೇ ಬೆಳೆದ ರಾಸುಗಳು ಸಾಮಾನ್ಯವಾಗಿ ತಿನ್ನುವುದಿಲ್ಲ. ಬೇರೆ ಸೀಮೆಯ ಜಾತ್ರೆಯಿಂದ ಕೊಂಡುತಂದ ರಾಸುಗಳು, ಬರಗಾಲದಲ್ಲಿ ಹಸಿದವು, ಎಳೆಯ ಕರುಗಳು ತಿನ್ನುವುದುಂಟು. ಎಲೆಯಲ್ಲಿರುವ ಲಂಟಡೀನ್ ಎಂಬ ವಿಷವು ಪಿತ್ತಕೋಶವನ್ನೂ ಯಕೃತ್ತನ್ನೂ ಕೆಡಿಸುವುದು. ಮೊದಲು ಮೇವು ಬಿಡುವುದು, ಸಗಣಿಯು ಕಟ್ಟುವುದು. ಅನಂತರ ಕಣ್ಣಿನ ಒಳರೆಪ್ಪೆಯೂ ಒಸಡೂ ಹಳದಿಯಾಗುವುವು. ಬಿಸಿಲಿಗೆ ನಿಂತರೆ ಮೂತಿ, ಕಿವಿ, ಕೆಚ್ಚಲು ಮೊದಲಾದ ಬಿಳಿಯ ಚರ್ಮದ ಭಾಗಗಳು ಸುಟ್ಟಂತೆ ಕೆಂಪಾಗಿ, ಬಾತು, ಬಿರಿದು ಸುಲಿಯುವುವು. ಇದನ್ನು ಕೆಲವರು ದೃಷ್ಟಿದೋಷವೆಂದೂ ಕೆಲವರು ಬರಿಯ ಬಿಸಿಲಿನ ಬೇಗೆಯೆಂದೂ ಭಾವಿಸಿ ಕಾಲವನ್ನು ಕಳೆಯುವರು. ತಿಂದ ಎಲೆಯು ಮೆಲುಕಿನ ಹೊಟ್ಟೆಯಲ್ಲಿ ನಿಂತು ಅನೇಕ ದಿನಗಳವರೆಗೆ ವಿಷವನ್ನು ಬಿಡುತ್ತಲೇ ಇರುವುದರಿಂದ ತಡಮಾಡಿದಷ್ಟೂ ಅಪಾಯವು ಹೆಚ್ಚು. ರಾಸನ್ನು ಕೂಡಲೇ ಕತ್ತಲೆಯಾದ ಕೊಟ್ಟಿಗೆಗೆ ಸೇರಿಸಿ, ನೀರನ್ನು ಬೇಕಾದಷ್ಟು ಇಟ್ಟು, ಪಶುವೈದ್ಯರನ್ನು ಕರೆಸತಕ್ಕದ್ದು.

ಲಂಟಾನಕ್ಕೆ ಶತ್ರುಕೀಟಗಳನ್ನು ಹುಡುಕುವ ಪ್ರಯತ್ನವು ಬಹು ಹಳೆಯದು. ೧೯೦೨ರಲ್ಲಿಯೇ ಹವಾಯಿ ದ್ವೀಪದವರು ಮೆಕ್ಸಿಕೋ ದೇಶದಿಂದ ಕೀಟಗಳನ್ನು ತರಿಸಿ ಬಿಟ್ಟಿದ್ದರು. ಈ ದೇಶದಲ್ಲಿ ವೈ. ರಾಮಚಂದ್ರರಾಯರು ಭಾರತ ಮತ್ತು ಬರ್ಮಾಗಳಲ್ಲಿ ಲಂಟಾನದ ಮೇಲೆ ಬದುಕುವ ಕೀಟಗಳನ್ನೆಲ್ಲಾ ಶೋಧಿಸಿ ೧೯೨೦ರಲ್ಲಿ ವಿವರವಾದ ವರದಿಯನ್ನು ಪ್ರಕಟಿಸಿದರು. ೧೯೨೧ರಲ್ಲಿ ಹವಾಯಿಯಿಂದ ಬೀಜವನ್ನು ಕೊರೆಯುವ ನೊಣವನ್ನು ತರಲಾಯಿತು. ೧೯೪೧ರಲ್ಲಿ ಆಸ್ಟ್ರೇಲಿಯಾದಿಂದ ಎಲೆಯ ರಸವನ್ನು ಹೀರುವ ತಿಗಣೆಯೊಂದು ಡೆಹರಾಡೂನಿಗೆ ಬಂದಿತು. ಅದು ತೇಗದ ಹೂವನ್ನೂ ಕೆಡಿಸೀತೆಂಬ ಭಯದಿಂದ ಸಾಕಿದ ಹುಳುಗಳನ್ನು ನಾಶಮಾಡಿದರೂ ಕೆಲವು ತಪ್ಪಿಸಿಕೊಂಡು ಹೊರಗೆ ಹಬ್ಬಿದುವು. ಇಷ್ಟಾದರೂ ಲಂಟಾನವು ಕುಗ್ಗಲಿಲ್ಲ. ಪಾಪಾಸುಕಳ್ಳಿಯ ವಿಷಯದಲ್ಲಿ ಬೇರೆಯಾಯಿತು. ೧೯೨೬ರಲ್ಲಿ ಸಿಂಹಳದಿಂದ ತಂದ ಬಿಳಿಯ ಹಿಟ್ಟಿನಂಥ ಹುಳುವು ದಕ್ಷಿಣದೇಶದ ಕಳ್ಳಿಯ ಮೆಳೆಗಳನ್ನು ಕೆಲವೇ ವರ್ಷಗಳಲ್ಲಿ ತಿಂದು ಮುಗಿಸಿತು. ಒಂದು ಕಳೆಗೆ ಹುಳುವು ದೊರೆತಿತೆಂದು ಪ್ರತಿಯೊಂದಕ್ಕೂ ದೊರೆಯುವುದೆಂದು ಕಾಯುತ್ತ ಕುಳಿತರೆ ಗೋಮಾಳವು ಉಳಿಯಲಾರದು.

ಪಾರ್ಥೇನಿಯಮ್ ಮತ್ತು ಅದರ ಜೀರುಂಡೆ

ಪಾರ್ಥೇನಿಯಮ್ ತೋಟದ ಗಿಡವಾಗಿ ಬಂದುದಲ್ಲ. ಹೊರದೇಶದ ಧಾನ್ಯದೊಡನೆ ಬಂದಿತೆಂದು ಸಾಧಾರಣವಾದ ಅಭಿಪ್ರಾಯ. ೧೯೫೬ರಲ್ಲಿ ಪುಣೆಯಲ್ಲಿ ಇದು ಕಂಡುಬಂದ ಸಂಗತಿಯು ಪ್ರಕಟವಾದ ಮೇಲೆ ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಬಯಲುಗಳನ್ನೂ ತುಂಬಿತು. ಜನರು ಇದನ್ನು ಕಾಂಗ್ರೆಸ್ ಗಿಡವೆಂದು ಕರೆಯುವರು. ಒಂದು ಗಿಡವು ಹದಿನೈದು ಸಾವಿರಕ್ಕೂ ಹೆಚ್ಚು ಬೀಜಗಳನ್ನು ಕೊಡಬಲ್ಲುದು. ಮೈಗೆ ತಗುಲಿದರೆ ಕೆಲವರಿಗೆ ತುರಿ, ಗಜ್ಜಿಯಂಥ ಹುಣ್ಣು, ಸೀನು, ಉಬ್ಬಸ ಬರುವುವು; ಹಸಿವಿನಿಂದ ಇದನ್ನು ತಿಂದ ಹಸುವಿನ ಹಾಲು ಕಹಿಯಾಗುವುದು.

ಇದಕ್ಕೆ ಶತ್ರುವಾದ ಝೈಗೋಗ್ರಾಮ ಎಂಬ ಜೀರುಂಡೆಯನ್ನು ೧೯೮೩ರಲ್ಲಿ ಮೆಕ್ಸಿಕೋದಿಂದ ತರಿಸಿ, ಪರೀಕ್ಷಿಸಿ, ೧೯೮೪ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಬೆಳ್ಳಗಿನ ಬೆನ್ನಿನ ಮೇಲೆ ಕಂದು ಗೆರೆಗಳುಳ್ಳ ಈ ಸಣ್ಣ ಹುಳುವು ಮತ್ತು ಅದರ ಮರಿಗಳು ಎಲೆಯನ್ನೂ ಮೊಗ್ಗನ್ನೂ ತಿಂದು ಗಿಡವನ್ನು ಬೋಳುಮಾಡುವುವು. ೧೯೯೦ರ ನಂತರದ ವರ್ಷಗಳಲ್ಲಿ ಇದು ಸೂರ್ಯಕಾಂತಿಯ ಎಲೆಯನ್ನು ತಿನ್ನುತ್ತಿದೆಯೆಂದು ಒಕ್ಕಲಿಗರಲ್ಲಿ ದೊಡ್ಡ ಗಾಬರಿಯುಂಟಾಯಿತು. ಗಾಬರಿಯು ನ್ಯಾಯವಾದುದೇ; ಪರದೇಶದ ಹುಳುವನ್ನು ಬಿಟ್ಟವರು ಅದರ ನಡತೆಗೆ ಉತ್ತರ ಹೇಳಬೇಕಾದುದು ಧರ್ಮ. ಪರೀಕ್ಷಿಸಿದಾಗ, ಪಕ್ಕದ ಪಾರ್ಥೇನಿಯಮಿನ ಪರಾಗವು ಗಾಳಿಗೆ ಹಾರಿ ಸೂರ್ಯಕಾಂತಿಯ ಎಲೆಯ ಮೇಲೆ ಬಿದ್ದಿದ್ದರೆ ಆ ಪರಾಗದ ರುಚಿಗೆ ಹುಳುವು ಎಲೆಯನ್ನೂ ಕಚ್ಚುವುದೆಂದು ತಿಳಿದುಬಂದಿತು. ಸೂರ್ಯಕಾಂತಿಯ ಹೊಲದ ಅಂಚಿನಲ್ಲಿ ಪಾರ್ಥೇನಿಯಮ್ ಇಲ್ಲದಂತೆ ನೋಡಿಕೊಳ್ಳುವುದೇ ಇದಕ್ಕೆ ಪರಿಹಾರ.

ಈ ಜೀರುಂಡೆಯು ಮಳೆಗಾಲದಲ್ಲಿ ಮಾತ್ರ ಚುರುಕಾಗಿದ್ದು, ಒಣಗಾಲದಲ್ಲಿ ಮಣ್ಣಿನೊಳಗೆ ಅಡಗಿ ಮಲಗುವುದು. ಆದುದರಿಂದ ನೀರಾವರಿಯ ಬದುಗಳಲ್ಲಿ ಬೇಸಗೆಯಲ್ಲಿ ಹುಟ್ಟುವ ಪಾರ್ಥೇನಿಯಮಿಗೆ ಅದರ ಭಯವಿಲ್ಲ. ಅಲ್ಲಿ ಕೈಯಿಂದಲೇ ಕೀಳಬೇಕು. ಹೂಬಿಡುವ ಮುಂಚೆ, ನೆಲವು ತೇವವಾಗಿರುವಾಗ, ಕೈಗೆ ಚೀಲ ಕಟ್ಟಿಕೊಂಡು ಬೇರುಸಹಿತ ಕಿತ್ತು ಗುಂಡಿಯಲ್ಲಿ ಕೊಳೆಸಿದರೆ ಒಳ್ಳೆಯ ಗೊಬ್ಬರವೂ ಆಗುವುದು. ನೂರು ಲೀಟರು ನೀರಿಗೆ ಹದಿನೈದರಿಂದ ಇಪ್ಪತ್ತು ಕಿಲೋಗ್ರಾಂ ಉಪ್ಪನ್ನು ಕರಗಿಸಿ ಚಿಮುಕಿಸುವ ಪದ್ಧತಿಯು ರಸ್ತೆಬದಿಗೂ ಬಂಜರಿಗೂ ಸರಿ. ಉಳುವ ಹೊಲದಲ್ಲಿ ಇದನ್ನು ಎಂದಿಗೂ ಮಾಡಬಾರದು, ಮಣ್ಣು ಚೌಳಾಗುವುದು.

ನಾರುವ ಗಿಡಗಳಿಂದಲೇ ಉಪಕಾರ

ನಾತವೆಲ್ಲವೂ ದೋಷವೆಂದು ಎಣಿಸುವುದು ಅವಿವೇಕ. ಕ್ಯಾಸಿಯ ಸೆರಿಸಿಯ ಎಂಬ, ತಗಚೆಯ ಜಾತಿಗೆ ಸೇರಿದ ಗಿಡವು ಪಾರ್ಥೇನಿಯಮಿನೊಡನೆ ಪೈಪೋಟಿಮಾಡಿ ಅದನ್ನು ಹೊರದೂಡುವುದೆಂದು ಕಂಡು, ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಂ. ಮಹದೇವಪ್ಪನವರು ಮೊದಲಾದವರು ಅದರ ಬೀಜವನ್ನು ಚೆಲ್ಲುವಂತೆ ಪ್ರಚಾರಮಾಡಿದರು. ಅದನ್ನೂ ದನವು ತಿನ್ನುವುದಿಲ್ಲ. ಅದೂ ಅಮೆರಿಕಾದಿಂದ ಬಂದುದೇ. ರಸ್ತೆಯ ಬದಿಗೆ ಈ ವಿನಿಮಯವು ಲಾಭಕರವಾದರೂ ಗೋಮಾಳದಲ್ಲಿ ಒಬ್ಬ ಕಳ್ಳನನ್ನು ಓಡಿಸಲು ಇನ್ನೊಬ್ಬನನ್ನು ಮನೆಗೆ ಕರೆದಂತಾಗುವುದು.

ಚೆಂಡುಹೂವಿನ ವಿಷಯವು ಇದಕ್ಕಿಂತ ಮೇಲು. ದೇವರ ಪಲ್ಲಕ್ಕಿಗೂ ಬಾಗಿಲ ತೋರಣಕ್ಕೂ ಏರುವ ಈ ಹೂವು ಮೆಕ್ಸಿಕೋ ದೇಶದ್ದೆಂದು ಹೇಳಿದರೆ ಅನೇಕರು ಆಶ್ಚರ್ಯಪಡುವರು. ಇದರ ಎಲೆಯೂ ನಾರುವುದು. ಆದರೆ ಬೀಜವು ಬಿತ್ತಿದ ಪಾತಿಯನ್ನು ಬಿಟ್ಟು ದೂರ ಹೋಗಿ ಮೆಳೆಕಟ್ಟುವುದಿಲ್ಲ. ಇದರ ಬೇರಿನಿಂದ ಹೊರಡುವ ವಸ್ತುಗಳು ಬೇರುಗಂಟು ರೋಗವನ್ನು ತರುವ ಸೂಕ್ಷ್ಮ ಜಂತುಗಳನ್ನು ಕುಗ್ಗಿಸುವುವು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು, ಟೊಮಾಟೊ ಕಾಯಿಕೊರಕದ ಹಾವಳಿಗೆ ಪ್ರತಿ ಹದಿನಾರು ಸಾಲು ಟೊಮಾಟೊವಿಗೆ ಒಂದು ಸಾಲು ಎತ್ತರದ ಜಾತಿಯ ಚೆಂಡುಹೂವನ್ನು ನೆಡುವಂತೆ ಹೇಳಿರುವರು. ನಾಟಿಯ ದಿನ ಟೊಮಾಟೊ ಸಸಿಗೆ ೨೫ ದಿನವೂ ಚೆಂಡುಹೂವಿನ ಸಸಿಗೆ ೪೫ ದಿನವೂ ಆಗಿರಬೇಕು. ಆಗ ಎರಡೂ ಒಂದೇ ಕಾಲಕ್ಕೆ ಹೂವಿಗೆ ಬಂದು, ಪತಂಗವು ಚೆಂಡುಹೂವಿನ ಮೊಗ್ಗಿನ ಮೇಲೆ ಹೆಚ್ಚಾಗಿ ಮೊಟ್ಟೆಯಿಡುವುದು. ಆ ಸಾಲಿನ ಹುಳುಗಳನ್ನು ಆರಿಸಿ ಕೊಲ್ಲುವುದು ಸುಲಭ. ಸಸಿಗಳ ವಯಸ್ಸನ್ನು ಲಕ್ಷಿಸದೆ ನೆಟ್ಟರೆ ಈ ಉಪಾಯದಿಂದ ಫಲವಿಲ್ಲ.

ತೋಟದಲ್ಲಿ ಈಗಾಗಲೇ ಇರುವ ಲಂಟಾನ

ನಗರದ ಸಸ್ಯಕ್ಷೇತ್ರಗಳಲ್ಲಿ ನೆಲದ ಮೇಲೆ ಹರಡುವ ಊದಾ ಹೂವಿನ ಲಂಟಾನವನ್ನೂ ಕುಳ್ಳಾದ ಹಳದಿ ಜಾತಿಯನ್ನೂ ಈಗಲೂ ಮಾರುತ್ತಿರುವರು. ಕೆಲವು ಕಾಯಿ ಕಚ್ಚುವುದಿಲ್ಲವೆಂದು ಮಾರುವವರು ಹೇಳಬಹುದು. ಆದರೆ ಕಾಯಿ ಕಚ್ಚದ ಜಾತಿಯ ಪರಾಗವೂ ಪಕ್ಕದ ಕಾಡುಜಾತಿಯ ಹೂವಿಗೆ ತಗುಲಿ ಬೀಜವನ್ನು ಹುಟ್ಟಿಸಬಹುದು. ನಾಗರಬಾವಿಯಂಥ ಬಡಾವಣೆಯ ಕುಂಡದಿಂದ ಕೆಂಗೇರಿಯ ಆಚೆಯ ಹೊಲಕ್ಕೆ ಪಿಕಳಾರಕ್ಕೆ ಬಹಳ ದೂರವಲ್ಲ.

ಬೇಲಿಯಲ್ಲಿಯೋ ಗೋಮಾಳದಲ್ಲಿಯೋ ಇರುವ ಗಿಡವನ್ನು ಮೇಲೆ ಮಾತ್ರ ಕಡಿದರೆ ಒಂದಕ್ಕೆ ಹತ್ತಾಗಿ ಚಿಗುರುವುದು. ದೆಹಲಿಯಲ್ಲಿ ಪ್ರೊಫೆಸರ್ ಸಿ. ಆರ್. ಬಾಬು ಅವರೂ ಅವರ ಸಂಗಡಿಗರೂ ಬಳಕೆಗೆ ತಂದ ಪದ್ಧತಿಯಲ್ಲಿ, ಕಾಂಡವೂ ಬೇರೂ ಕೂಡುವ ಸ್ಥಳದಿಂದಲೇ ಚಿಗುರು ಹೊರಡುವುದೆಂದು ತಿಳಿದು, ನೆಲದ ಮಟ್ಟಕ್ಕಿಂತ ಎರಡು ಬೆರಳಷ್ಟು ಕೆಳಗೆ ಗುದ್ದಲಿಯಿಂದ ತಾಯಿಬೇರನ್ನು ಕಡಿದು, ಗಿಡವನ್ನು ತಲೆಕೆಳಗಾಗಿ ನಿಲ್ಲಿಸಿ ಒಣಗಿಸುವರು. ಕಡಿದ ಕೊಂಬೆಗಳನ್ನು ತೇವದ ನೆಲದ ಮೇಲೆ ಹಾಸಿದರೆ ಗೆಣ್ಣುಗಳಲ್ಲಿ ಬೇರುಬಿಡುವುದರಿಂದ ಹಾಗೆ ಬಿಡಬಾರದು. ಕಾಯಿ ಕಪ್ಪಾಗುವ ಮುಂಚೆ ಕೆಲಸವು ಮುಗಿಯಬೇಕು. ಬಲಿತ ಕಡ್ಡಿಗಳನ್ನು ಸುಡುವುದೊಂದೇ ದಾರಿಯಲ್ಲ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅವುಗಳನ್ನು ಬೇಯಿಸಿ, ಸಿಪ್ಪೆ ಸುಲಿದು, ಬಾಗಿಸಿ ಕುರ್ಚಿ ಮೇಜುಗಳನ್ನು ಮಾಡಿ ಮಾರುತ್ತಿರುವರು.

ತೆರವಾದ ನೆಲವನ್ನು ಬರಿದಾಗಿ ಬಿಟ್ಟರೆ ಮೊದಲನೆಯ ಮಳೆಗೆ ಹಕ್ಕಿ ಹಾಕಿದ ಹಳೆಯ ಬೀಜಗಳೆಲ್ಲಾ ಮೊಳೆಯುವುವು. ಅದೇ ಮಳೆಗೆ ಊರಿನ ಮೇವಿನ ಹುಲ್ಲನ್ನೂ ಹುರುಳಿಯನ್ನೂ ಬಿತ್ತತಕ್ಕದ್ದು. ಮೊಳೆತ ಲಂಟಾನದ ಸಸಿಗಳನ್ನು ಮಳೆಗಾಲದ ನಡುವೆ ಒಂದಾವರ್ತಿಯೂ ಕೊನೆಗೆ ಒಂದಾವರ್ತಿಯೂ ಕೈಯಿಂದ ಕೀಳಿಸಬೇಕು. ಹಕ್ಕಿಗಳು ಕೂರುವ ಮರಗಳ ಬುಡವನ್ನು ಮೊದಲು ನೋಡತಕ್ಕದ್ದು. ಸಸಿಗಳು ಅಲ್ಲಿಯೇ ದಟ್ಟವಾಗಿರುವುವು. ಹೀಗೆ ಎರಡು ಮೂರು ವರ್ಷ ಬಿಡದೆ ನಡಸಿದಲ್ಲಿ ಮಾತ್ರ ಹುಲ್ಲು ಊರಿ ನಿಲ್ಲುವುದು. ಒಂದು ಊರಿನವರು ಕಿತ್ತು ಪಕ್ಕದ ಊರಿನವರು ಬಿಟ್ಟರೆ ಕೆಲಸವು ಮತ್ತೆ ಮೊದಲಿನಿಂದ ಆಗಬೇಕಾಗುವುದರಿಂದ, ಒಂದೇ ಹಳ್ಳದ ಎರಡು ದಂಡೆಯ ಗ್ರಾಮಗಳ ಪ್ರಮುಖರು ಬೇಸಗೆಯಲ್ಲಿಯೇ ಕೂಡಿ ದಿನವನ್ನು ಗೊತ್ತುಮಾಡಿಕೊಂಡು, ಹಳ್ಳದ ಮೇಲ್ತುದಿಯಿಂದ ಆರಂಭಿಸಿ ಕೆಳಕ್ಕೆ ಇಳಿಯುತ್ತ ಬರುವುದು ಉತ್ತಮ.